ಹಲ್ಲಿನ ಸಪ್ಪಳ ಕೇಳಿದವರು

ಚನ್ನಗಿರಿಯ ದಂತ ಆಸ್ಪತ್ರೆಯೊಂದರಲ್ಲಿ ನಾನು ಮೇಟ್ರನ್. ಶಿಸ್ತನ್ನು ಎಷ್ಟೇ ಬಿಗಿಗೊಳಿಸಿದರೂ ನಗು ಎಲ್ಲಿಂದಲೋ ನುಸುಳಿಬಿಡುತ್ತದೆ. ನಿದ್ದೆಯಲ್ಲಿ ಹಲ್ಲು ಕಡಿಯುವವರಿಗೆ ಡಾಕ್ಟರು ಬೊಟಾಕ್ಸ್ ಇಂಜೆಕ್ಷನ್ ಕೊಡತೊಡಗಿದ ಮೇಲಂತೂ ಕೇಳುವುದೇ ಬೇಡ. ದವಡೆಯ ಸ್ನಾಯುವಿಗೆ ಚುಚ್ಚಿದರೆ ಅದು ಕೆಲವು ತಿಂಗಳು ಸಡಿಲವಾಗಿ ಹಲ್ಲು ಉಳಿಯುತ್ತದೆ. ಕಡಿದು ಕಡಿದು ನನ್ನ ದವಡೆ ಹಲ್ಲೊಂದೂ ಬಿರುಕು ಬಿಟ್ಟಿತ್ತು. ಕಳೆದುಕೊಳ್ಳುವ ಭಯ. ಮನೆಯಲ್ಲಿ ಹೇಳಿಕೊಳ್ಳಲು ಯಾರೂ ಇಲ್ಲ.

ನ್ಯಾಮತಿಯ ದಂಪತಿ

"ರಾತ್ರಿಯೆಲ್ಲ ಗಿರಣಿ ನಡೆದಂಗೆ ಕಡೀತಾರ್ರೀ," ಎಂದು ಹೆಂಡತಿ ಗಂಡನನ್ನು ಕರೆತಂದಳು. ಇಂಜೆಕ್ಷನ್ ಆಯಿತು. ತಿಂಗಳೊಳಗೆ ಮತ್ತೆ ಬಂದಳು, ಕಣ್ಣು ಕೆಂಪಗೆ.

"ಕಡಿಯುವುದು ನಿಂತಿಲ್ಲವೇ?" ಎಂದೆ.

"ನಿಂತೈತ್ರೀ. ಸಪ್ಪಳಿಲ್ಲ ಅಂತ ಉಸಿರು ಐತೋ ಇಲ್ಲೋ ನೋಡಾಕೆ ಏಳ್ತಾ ಇರ್ತೀನಿ. ಸ್ವಲ್ಪಾದ್ರೂ ಕಡಿಯಂಗೆ ಮಾಡ್ರೀ!"

ತ್ಯಾವಣಿಗೆಯ ವ್ಯಾಪಾರಿ

ಇವರು ಅಡಿಕೆಯನ್ನು ಕಚ್ಚಿಯೇ ದರ ಕಟ್ಟುವವರು; ಗಟ್ಟಿಯಿದ್ದಷ್ಟೂ ಒಳ್ಳೆಯ ಮಾಲು. ಇಂಜೆಕ್ಷನ್ ಆದ ಮೇಲೆ ಯಾವ ಅಡಿಕೆ ಕಚ್ಚಿದರೂ ಕಲ್ಲಿನಂತೆ ಗಟ್ಟಿ. "ಈ ಸಲ ಮಾಲು ಭಾರಿ ಐತೆ!" ಎಂದು ಹಿಗ್ಗಿ ಕೊಂಡರು. ಅವರಿಂದ ಅದನ್ನು ಕೊಳ್ಳಬೇಕಾದವರು ಕಚ್ಚಿ, ಮೆತ್ತಗಿದೆ ಎಂದು ಉಗಿದರು.

"ಸಡಿಲಾಗಿದ್ದು ನಿಮ್ಮ ದವಡೆ, ಗಟ್ಟಿಯಾಗಿದ್ದು ಅಡಿಕೆಯಲ್ಲ," ಎಂದರು ಡಾಕ್ಟರು.

"ಹಂಗಾದ್ರೆ ನಂಗೆ ಮಾರಿದೋರಿಗೂ ಒಂದು ಚುಚ್ಚಿ ಕಳಿಸ್ರೀ, ಅವರಿಗೇ ವಾಪಸ್ ಮಾರ್ತೀನಿ!"

ನನ್ನ ಸರದಿ

ಕೊನೆಗೆ ನೋವು ತಡೆಯಲಾರದೆ ನಾನೇ ಕುರ್ಚಿಯಲ್ಲಿ ಕೂತೆ. ಡಾಕ್ಟರು ಎಲ್ಲರನ್ನೂ ಕೇಳುವಂತೆ ಕೇಳಿದರು: "ಪಕ್ಕದಲ್ಲಿ ಮಲಗುವವರು ಏನಂತಾರೆ?"

ಈ ಪ್ರಶ್ನೆಯನ್ನು ಎಷ್ಟೋ ಜನರಿಗೆ ನಾನೇ ಕೇಳಿದ್ದೇನೆ. "ಯಾರೂ ದೂರು ಕೊಟ್ಟಿಲ್ಲ," ಎಂದೆ, ಬೆನ್ನು ನೆಟ್ಟಗೆ ಮಾಡಿಕೊಂಡು. ಡಾಕ್ಟರು ತಲೆ ತಗ್ಗಿಸಿದರು.

ನೆಲ ಒರೆಸುತ್ತಿದ್ದ ಜಗಳೂರಿನ ಆಯಾ ಎದ್ದು ನಿಂತಳು. "ರಾತ್ರಿ ಕಥೆ ಯಾಕ್ರೀ ಡಾಕ್ಟ್ರೇ? ಮೇಡಂ ಹಗಲೇ ಕಡೀತಾರೆ. ಆ ಸಪ್ಪಳ ಕೇಳಿಯೇ ಮೇಡಂ ಬಂದ್ರು ಅಂತ ನಾವು ಕೆಲಸಕ್ಕೆ ನಿಲ್ಲೋದು!"

ಸಿಟ್ಟು ಬರಬೇಕಿತ್ತು. ನನ್ನ ಹಲ್ಲಿನ ಸಪ್ಪಳವನ್ನೂ ಒಬ್ಬರು ಕೇಳಿಸಿಕೊಂಡಿದ್ದಾರಲ್ಲ ಎಂದುಕೊಂಡು ಡಾಕ್ಟರ ಸೂಜಿಗೆ ದವಡೆ ಒಡ್ಡಿದೆ.

ಹಲ್ಲು ಉಳಿಯಿತು. ಕೆಲವು ವಾರಗಳ ನಂತರ ಒಂದು ಮಧ್ಯಾಹ್ನ ಒಳಗೆ ಕಾಲಿಟ್ಟರೆ, ನರ್ಸುಗಳು ಟೇಬಲ್ಲಿನ ಮೇಲೆ ಕಾಲು ಚಾಚಿ ಮಂಡಕ್ಕಿ ತಿನ್ನುತ್ತಿದ್ದಾರೆ. ರೋಗಿಯ ಕುರ್ಚಿಯಲ್ಲಿ ಆಯಾ, ಬಾಯಿ ತೆರೆದು ಗೊರಕೆ!

"ಏನಿದು?" ಎಂದೆ.

ಆಯಾ ಬೆಚ್ಚಿ ಎದ್ದು, ಎದೆ ಹಿಡಿದುಕೊಂಡು ನನ್ನನ್ನೇ ಬೈದಳು: "ಹಿಂಗೆ ಕಳ್ಳರಂಗೆ ಬರೋದೇನ್ರೀ ಮೇಡಂ? ಹಲ್ಲು ಸುಮ್ಮನಾದ ಮೇಲೆ ಕಾಲಿಗೆ ಗೆಜ್ಜೆನಾದ್ರೂ ಕಟ್ಕೋಬಾರ್ದೇನ್ರೀ!"