ಮೇಲೆ ಚೂಪು, ಕೆಳಗೆ ದುಂಡು

ಒಕ್ಲಹೋಮಾದ ಬ್ರೆನಿಗನ್ ಕೌಂಟಿ ಎಂಬ ಜಿಲ್ಲೆಯಲ್ಲಿ ಮಳೆಹನಿಯ ಆಕಾರವನ್ನು ಬಹುಮತದಿಂದ ನಿರ್ಧರಿಸಲಾಗುತ್ತದೆ.

ಇದಕ್ಕೆ ಕಾರಣವಿದೆ. ಊರ ನೀರಿನ ಟ್ಯಾಂಕಿನ ಮೇಲೆ ಕೌಂಟಿ ಮಂಡಳಿಯ ಅಧ್ಯಕ್ಷ ವೇಡ್ ಕಿಟ್ರೆಲ್ ಅವರ ಪತ್ನಿ ಒಂದು ಹನಿ ಬಿಡಿಸಿದ್ದರು. ಮೇಲೆ ಚೂಪು, ಕೆಳಗೆ ದುಂಡು, ಅಂದರೆ ಕಣ್ಣೀರಿನ ಹಾಗೆ. ಮಳೆ ಅಳೆಯುವ ಕೌಂಟಿಯ ರಾಡಾರ್ ಮಾತ್ರ ಬೇರೆ ಹೇಳುತ್ತಿತ್ತು. ಅದು ಅಡ್ಡ ಅಲೆ, ಲಂಬ ಅಲೆ ಎರಡನ್ನೂ ಕಳಿಸುತ್ತದೆ. ದೊಡ್ಡ ಹನಿ ಬೀಳುವಾಗ ಗಾಳಿ ಕೆಳಗಿನಿಂದ ಒತ್ತಿ ಅದು ಬನ್ನಿನಂತೆ ಚಪ್ಪಟೆಯಾಗುವುದರಿಂದ ಅಡ್ಡ ಅಲೆ ಹೆಚ್ಚು ಜೋರಾಗಿ ಮರಳುತ್ತದೆ. ಎರಡರ ಅಂತರ ಹೆಚ್ಚಿದಷ್ಟೂ ಹನಿ ದೊಡ್ಡದು, ಮಳೆ ಬಿರುಸು. ಅದನ್ನು ನೋಡಿಯೇ ಹಳ್ಳಕ್ಕೆ ನೆರೆ ಬರುವ ಮುನ್ನ ಎಚ್ಚರಿಸುವ ಸೈರನ್ ಕೂಗುವುದು. ರಾಡಾರ್ ನೋಡಿಕೊಳ್ಳುತ್ತಿದ್ದವಳು ವೆರ್ನಾ; ಅವಳ ತಾಯಿ ಓಪಲ್ ಆ ಹಳ್ಳದ ದಂಡೆಯಲ್ಲಿ, ಚಕ್ರದ ಮೇಲಿನ ಟ್ರೈಲರ್ ಮನೆಯಲ್ಲಿ ಇದ್ದಳು.

"ನಿನ್ನ ಯಂತ್ರ ನಮ್ಮ ಹನೀನ ಚಪ್ಪಟೆ ಅಂತಿದೆಯಂತಲ್ಲಮ್ಮ?" ಎಂದು ವೆರ್ನಾಳನ್ನು ಕೇಳಿದರು ಕಿಟ್ರೆಲ್.

"ಚಪ್ಪಟೇನೇ ಸರ್. ಟ್ಯಾಂಕ್ ಮೇಲಿರೋದು ನಲ್ಲಿಯಿಂದ ತೊಟ್ಟಿಕ್ಕೋ ಹನಿ."

"ನಮ್ಮೂರಿಗೆ ನೀರು ನಲ್ಲೀಲೇ ತಾನೇ ಬರೋದು?"

ಮಂಡಳಿ ಠರಾವು ಹೊರಡಿಸಿತು: "ಕೌಂಟಿಯ ಗಡಿಯೊಳಗೆ ಬೀಳುವ ಹನಿಗಳು ಮೇಲೆ ಚೂಪಾಗಿ, ಕೆಳಗೆ ದುಂಡಾಗಿ ಇರತಕ್ಕದ್ದು. ಗಾಳಿಗೆ ಓರೆಯಾದ ಹನಿಗಳು ನೆಲ ಮುಟ್ಟುವ ಮೊದಲೇ ನೆಟ್ಟಗಾಗತಕ್ಕದ್ದು."

ಹನಿಗಳು ಠರಾವು ಓದುವುದಿಲ್ಲವಾದ್ದರಿಂದ ರಾಡಾರನ್ನೇ ಸರಿಪಡಿಸಲಾಯಿತು. ಅಡ್ಡದ ತಂತಿಯನ್ನು ಲಂಬಕ್ಕೂ ಲಂಬದ್ದನ್ನು ಅಡ್ಡಕ್ಕೂ ಸೇರಿಸಿದರು. ರಾಡಾರಿನ ಪರದೆಯಲ್ಲಿ ಹನಿಗಳೆಲ್ಲ ಎದ್ದು ನಿಂತವು. ಮಳೆ ಹೆಚ್ಚಿದಷ್ಟೂ ಯಂತ್ರ ಕಡಿಮೆ ತೋರಿಸತೊಡಗಿತು.

ಮೇ ತಿಂಗಳ ಒಂದು ಮಧ್ಯಾಹ್ನ ಆಕಾಶವೇ ಕಳಚಿ ಬಿದ್ದಂತಾಯಿತು. ಕೌಂಟಿ ಕಚೇರಿಯಲ್ಲಿ ನಡೆಯುತ್ತಿದ್ದ ಮಂಡಳಿಯ ಸಭೆಗೆ ವೆರ್ನಾ ಓಡಿ ಬಂದಳು. "ಸೈರನ್ ಹಾಕ್ಸಿ ಸರ್!"

"ರಾಡಾರ್ ಏನನ್ನುತ್ತೆ?"

"ತುಂತುರು ಅನ್ನುತ್ತೆ. ಆದ್ರೆ ಕಿಟಕಿ ಆಚೆ ನೋಡಿ!"

"ಕಿಟಕಿಗೆ ಮಂಡಳಿಯ ಅನುಮೋದನೆ ಇಲ್ಲಮ್ಮ."

ಅವಳು ತಾಯಿಗೆ ಫೋನ್ ಮಾಡಿದಳು. "ಅಮ್ಮಾ, ಈಗಲೇ ಹೊರಡು!"

"ಸೈರನ್ನೇ ಕೂಗಿಲ್ವಲ್ಲೇ. ನೀವೇ ತುಂತುರು ಅಂತ ಹೇಳಿದ್ದೀರಿ."

"ಕಾಲು ಕೆಳಗಿಟ್ಟು ನೋಡು."

"ಮಂಡಿ ತನಕ ತುಂತುರಿದೆ," ಎಂದಳು ಓಪಲ್.

ವೆರ್ನಾ ಕಾರಿನ ಕೀಲಿಗೆ ಕೈ ಹಾಕುವಷ್ಟರಲ್ಲಿ ಹೊರಗೆ ಏನೋ ಗೋಡೆಗೆ ಬಡಿಯಿತು. ಓಪಲಳ ಟ್ರೈಲರ್ ತೇಲಿಕೊಂಡು ಕೌಂಟಿ ಕಚೇರಿಯ ಮೆಟ್ಟಿಲಿಗೇ ಬಂದು ತಗುಲಿತ್ತು. ಬಾಗಿಲಲ್ಲಿ ಓಪಲ್ ಕಾಫಿ ಲೋಟ ಹಿಡಿದು ನಿಂತಿದ್ದಳು.

"ಏನಮ್ಮ, ಪ್ರವಾಹ ಬಂತಾ?" ಕಿಟ್ರೆಲ್ ಗಂಭೀರವಾಗಿ ವಿಚಾರಿಸಿದರು.

"ಬಂದಿದ್ರೆ ಸೈರನ್ ಕೂಗ್ತಿತ್ತಲ್ಲಪ್ಪ!"

ನಾಗರಿಕರ ಈ ಹೇಳಿಕೆಯನ್ನು ಮಂಡಳಿ ಅವಿರೋಧವಾಗಿ ಅಂಗೀಕರಿಸಿತು. ಮನೆ ಸಮೇತ ಸಭೆಗೆ ಹಾಜರಾದ ಓಪಲಳನ್ನು ಅಭಿನಂದಿಸಲಾಯಿತು. ಅಮ್ಮ ಬದುಕಿದ್ದಾಳೆಂಬ ನೆಮ್ಮದಿಗೆ ವೆರ್ನಾ ಎಲ್ಲದಕ್ಕೂ "ಹೌದು ಸರ್" ಎಂದು, ಟ್ರೈಲರನ್ನು ಹಗ್ಗದಿಂದ ಕಚೇರಿಯ ಕಂಬಕ್ಕೆ ಬಿಗಿಯತೊಡಗಿದಳು. ಅಧ್ಯಕ್ಷರೂ ಸೊಂಟದವರೆಗಿನ ನೀರಿಗೆ ಇಳಿದು ಹಗ್ಗದ ಇನ್ನೊಂದು ತುದಿ ಹಿಡಿದರು. ತುಂತುರು ಇನ್ನೂ ಜೋರಾಗುವಂತಿತ್ತು.