ಹನ್ನೊಂದು ವರ್ಷ ಬಾಳುವ ಮುಖ

"ಏನಕ್ಕಾ, ಇವತ್ತೂ ಮಗಳ ಕಾರ್ಡೇ ತಂದ್ರಾ?"

ಗೇಟಿನವನು ಈ ಮಾತನ್ನು ಮೊದಲ ಸಲ ಹೇಳಿದಾಗ ತಪ್ಪಕ್ಕ ನಕ್ಕಿದ್ದಳು. ಎರಡನೆಯ ಸಲ ನಕ್ಕಂತೆ ಮಾಡಿದ್ದಳು. ಮೂರು ವರ್ಷದಿಂದ ದಿನಾ ಬೆಳಿಗ್ಗೆ ಒಂಬತ್ತಕ್ಕೆ ಅದನ್ನೇ ಕೇಳಿ ಕೇಳಿ, ಈಗ ದೂರದಿಂದ ಅವನ ಮೀಸೆ ಕಂಡರೂ ಮೈ ಉರಿಯುತ್ತಿತ್ತು.

ಅದು ಪರೀಕ್ಷೆಯ ಪ್ರಶ್ನೆಪತ್ರಿಕೆಗಳನ್ನು ಅಚ್ಚು ಹಾಕುವ ಮುದ್ರಣಾಲಯ. ಕೊರಳಲ್ಲಿ ಫೋಟೊ ಕಾರ್ಡಿಲ್ಲದೆ ನೊಣ ಕೂಡ ಒಳಗೆ ಹೋಗುವಂತಿಲ್ಲ. ಕರಡು ತಿದ್ದುವುದು ಅವಳ ಕೆಲಸ. ಎಲ್ಲರ ತಪ್ಪನ್ನೂ ಹಿಡಿಯುತ್ತಾಳೆಂದು ತಪ್ಪಕ್ಕ ಎಂಬ ಹೆಸರೇ ಅಂಟಿಕೊಂಡಿತ್ತು. ಕಾರ್ಡಿನಲ್ಲಿದ್ದದ್ದು ಇಪ್ಪತ್ತೈದರ ಮುಖ, ಕೊರಳ ಮೇಲಿದ್ದದ್ದು ನಲವತ್ತೇಳರದು. ಟ್ಯೂಬ್‌ಲೈಟಿನ ಕೆಳಗೆ ಕಣ್ಣು ಕಿರಿದು ಮಾಡಿ ಸಣ್ಣಕ್ಷರ ಓದಿ ಓದಿ ಹುಬ್ಬಿನ ನಡುವೆ ಎರಡು ಗೆರೆ ನಿಂತಿದ್ದವು. ಕಣ್ಣಂಚು ಸುಕ್ಕಾಗಿತ್ತು, ಗದ್ದ ಸಡಿಲವಾಗಿತ್ತು. ಕಂಡವರ ತಪ್ಪೆಲ್ಲ ನನ್ನ ಹಣೆಯ ಮೇಲೆ ಬಂದು ಕೂತಿತಲ್ಲ ಎಂದು ಕನ್ನಡಿ ನೋಡಿದಾಗಲೆಲ್ಲ ಅವಳಿಗೆ ಸಿಟ್ಟು ಬರುತ್ತಿತ್ತು. ಮುದುಡಿದ ಕಾಗದದಂಥ ಮುಖದ ಮಷೀನಿನವನನ್ನು ಯಾರೂ ಏನೂ ಅನ್ನುತ್ತಿರಲಿಲ್ಲ. ಅವನದು ಅನುಭವದ ಮುಖವಂತೆ!

ಅಷ್ಟರಲ್ಲಿ ನೋಟೀಸು ಬಂತು: ಸೋಮವಾರ ಎಲ್ಲರಿಗೂ ಹೊಸ ಫೋಟೊ, ಹೊಸ ಕಾರ್ಡು. ಅದು ನಿವೃತ್ತಿಯವರೆಗೂ ನಡೆಯಬೇಕು, ನಡುವೆ ಬದಲಾವಣೆ ಇಲ್ಲ. ತಪ್ಪಕ್ಕ ಲೆಕ್ಕ ಹಾಕಿದಳು. ಇನ್ನು ಹನ್ನೊಂದು ವರ್ಷ ಕೊರಳಿಗೆ ನೇತುಬೀಳುವ ಮುಖ. ಅದು ಚೆನ್ನಾಗಿರಲೇಬೇಕು.

ಸೋಮವಾರ ಬೆಳಿಗ್ಗೆ ಆರಕ್ಕೆ ಎದ್ದು, ಮಲಗಿದ್ದ ಮಗಳ ಕಪಾಟಿನಿಂದ ಹೊಸ ಸೀಸೆ ತೆಗೆದಳು. ಮಂಕಾದ ಚರ್ಮದ ಮೇಲ್ಪದರ ಕಳಚಿ ಹೊಳಪು ತರುವ ದ್ರವವೆಂದು ಮಗಳು ಹೊಗಳಿದ್ದು ನೆನಪಿತ್ತು. ಕನ್ನಡಕ ಹಾಕಿಕೊಂಡು ಮುಖಕ್ಕೆ ಹಚ್ಚಲಾಗದು, ಆದ್ದರಿಂದ ತೆಗೆದಿಟ್ಟಳು. ಕನ್ನಡಕವಿಲ್ಲದೆ ಸೀಸೆಯ ಮೇಲಿನ ಅಕ್ಷರಗಳು ಇರುವೆ ಸಾಲಿನಂತೆ ಕಂಡವು. ಇರಲಿ ಬಿಡು ಎಂದು ಅಂಗೈ ತುಂಬ ಸುರಿದು ಬಳಿದುಕೊಂಡಳು. ಅಡುಗೆಯಾಯಿತು, ಇಸ್ತ್ರಿಯಾಯಿತು. ಮುಖ ಚುರುಗುಟ್ಟಿದಾಗ ಕೆಲಸ ಮಾಡುತ್ತಿದೆ ಎಂದು ಖುಷಿಪಟ್ಟಳು. ನಲವತ್ತೈದು ನಿಮಿಷ ಕಳೆಯಿತು.

ಮಗಳು ಎದ್ದು ಬಂದವಳೇ ಕಿರುಚಿದಳು. "ಅಮ್ಮಾ! ಅದು ಹತ್ತೇ ನಿಮಿಷ ಇಟ್ಟು ತೊಳ್ಕೊಳ್ಳೋದು! ಅದೂ ನಾಲ್ಕು ಹನಿ!"

"ಮೊದ್ಲೇ ಹೇಳೋಕೆ ಏನಾಗಿತ್ತೇ ನಿಂಗೆ?"

"ಮೇಲೆ ಬರ್ದಿದೆಯಲ್ಲಮ್ಮಾ! ಓದೋದೇ ನಿನ್ನ ಕೆಲ್ಸ ತಾನೆ?"

ಸಿಟ್ಟು ನೆತ್ತಿಗೇರಿತು. ಬೈಯಲು ಬಾಯಿ ತೆರೆದರೆ ಕೆನ್ನೆ ಉರಿಯಿತು. ಕಿರುಚಾಟ ಕೇಳಿ ಮಹಡಿ ಮನೆಯಾಕೆ ಕೈಯಲ್ಲಿ ಟೂತ್‌ಪೇಸ್ಟ್ ಹಿಡಿದೇ ಇಳಿದು ಬಂದರು.

"ಅಯ್ಯೋ, ಈ ವಯಸ್ಸಲ್ಲಿ ನಿನಗ್ಯಾಕಮ್ಮಾ ಇದೆಲ್ಲ? ಸುಟ್ಟಿದ್ದಕ್ಕೆ ಇದೇ ಮದ್ದು, ಅಲ್ಲಾಡ್ಬೇಡ!"

ಬೇಡ ಎನ್ನುವಷ್ಟರಲ್ಲಿ ಬಳಿದೇ ಬಿಟ್ಟಿದ್ದರು. ಅದನ್ನು ತೊಳೆಯುವ ಹೊತ್ತಿಗೆ ಮುಖ ಹಿಟ್ಟು ಹುದುಗಿದ ಹಾಗೆ ಉಬ್ಬಿ ಕೆಂಪೇರಿತ್ತು. ರಜೆ ಹಾಕೋಣವೆಂದರೆ ಫೋಟೊ ಇವತ್ತೊಂದೇ ದಿನ. ಹಲ್ಲು ಕಚ್ಚಿಕೊಂಡು ಹೊರಟಳು.

ಗೇಟಿನವನು ಹಳೆಯ ಕಾರ್ಡನ್ನು ಅವಳ ಮುಖದ ಪಕ್ಕ ಹಿಡಿದು ಬೆರಗಾದ. "ಅರೆ! ಇವತ್ತು ಸರಿಯಾಗಿ ನೀವೇ ಕಣಕ್ಕಾ!"

ದುರುಗುಟ್ಟಿ ನೋಡೋಣವೆಂದರೆ ರೆಪ್ಪೆ ಪೂರ್ತಿ ತೆರೆಯಲಿಲ್ಲ.

ಫೋಟೊದವನು ಕ್ಯಾಮೆರಾ ಹಿಂದಿನಿಂದ, "ಸ್ವಲ್ಪ ನಗಿ ಮೇಡಂ" ಎಂದ.

"ನಕ್ಕರೆ ಚರ್ಮ ಹರಿಯುತ್ತೆ. ಸುಮ್ನೆ ತೆಗೀರಿ!"

ಅಲ್ಲಿ ಕಾರ್ಡುಗಳೆಲ್ಲ ಕಪ್ಪು ಬಿಳುಪು. ಕೆಂಪು ಎಲ್ಲಿಯೂ ಕಾಣಲಿಲ್ಲ, ಬಾವು ಸುಕ್ಕನ್ನೆಲ್ಲ ನುಂಗಿತ್ತು. ಬಿಸಿಬಿಸಿಯಾಗಿ ಹೊರಬಂದ ಕಾರ್ಡಿನಲ್ಲಿ ಒಂದೂ ಗೆರೆಯಿಲ್ಲದ, ತುಂಬುಗೆನ್ನೆಯ ಹುಡುಗಿ ಕೂತಿದ್ದಳು. ಬೈಂಡಿಂಗಿನವನು, "ಏನಕ್ಕಾ, ಕಾಲೇಜಿಗೆ ಸೇರ್ತಿದ್ದೀರಾ?" ಎಂದ. ಮಷೀನಿನವನು ತನ್ನ ಕಾರ್ಡನ್ನು ಜೇಬಿಗೆ ತುರುಕಿಕೊಂಡ. ತಪ್ಪಕ್ಕನಿಗೆ ಉರಿಯೆಲ್ಲ ಮರೆತುಹೋಯಿತು. ಹಳೆಯ ಕಾರ್ಡನ್ನು ತಾನೇ ಕತ್ತರಿಯಿಂದ ನಾಲ್ಕು ತುಂಡು ಮಾಡಿ ಕಸದ ಬುಟ್ಟಿಗೆ ಹಾಕಿದಳು.

ಮಧ್ಯಾಹ್ನಕ್ಕೆ ಉರಿ ತಡೆಯಲಾಗಲಿಲ್ಲ. ಮ್ಯಾನೇಜರನ್ನು ಕೇಳಿಕೊಂಡು ಪಕ್ಕದ ಬೀದಿಯ ಡಾಕ್ಟರ ಹತ್ತಿರ ಓಡಿದಳು. ಡಾಕ್ಟರು ಇಂಜೆಕ್ಷನ್ ಕೊಟ್ಟು, ಮುಖಕ್ಕೆ ತಂಪು ಬಟ್ಟೆ ಹಾಕಿ ಮಲಗಿಸಿದರು.

"ನಲವತ್ತು ದಾಟಿದ ಮೇಲೆ ಚರ್ಮ ತೆಳುವಾಗುತ್ತೆ, ಒಣಗುತ್ತೆ ಕಣಮ್ಮಾ. ದಿನಾ ಸ್ವಲ್ಪ ಕ್ರೀಮು, ಬಿಸಿಲಿಗೆ ಹೋಗೋವಾಗ ಸನ್‌ಸ್ಕ್ರೀನು. ಅಷ್ಟು ಸಾಕು. ಚರ್ಮದ ಜೊತೆ ಜಗಳಕ್ಕೆ ಇಳೀಬೇಡಿ."

ನಾಲ್ಕೂವರೆಗೆ ಎದ್ದಾಗ ಬಾವು ಪೂರ್ತಿ ಇಳಿದಿತ್ತು. ಇಳಿದ ಚರ್ಮ ತೇವ ಆರಿ, ಹಳೆಯ ಗೆರೆಗಳ ಜೊತೆ ಹೊಸವನ್ನೂ ಕರೆತಂದಿತ್ತು. ಕನ್ನಡಿ ನೋಡುವಷ್ಟು ಪುರುಸೊತ್ತಿರಲಿಲ್ಲ. ಐದರೊಳಗೆ ಕೊನೆಯ ಕರಡಿಗೆ ಸಹಿ ಬೀಳದಿದ್ದರೆ ಮಷೀನು ಓಡುವುದಿಲ್ಲ. ಗೇಟಿಗೆ ಬಂದು, ಎದೆಯುಬ್ಬಿಸಿ ಹೊಸ ಕಾರ್ಡು ತೋರಿಸಿದಳು.

ಗೇಟಿನವನು ಕಾರ್ಡು ನೋಡಿದ. ಅವಳನ್ನು ನೋಡಿದ. ಅಡ್ಡಗಂಬ ಎತ್ತಲಿಲ್ಲ.

"ಮಗಳ ಕಾರ್ಡ್ ತಂದಿದ್ದೀರಕ್ಕಾ."

"ಬಿಡೋ ಒಳಗೆ! ಇದು ಇವತ್ತು ತೆಗೆಸಿದ್ದು!"

"ಅದಕ್ಕೇ ಬಿಡೋಕಾಗಲ್ಲ. ಹಳೇ ಕಾರ್ಡಾಗಿದ್ರೆ ವಯಸ್ಸಾಯ್ತು ಅಂತ ಬಿಡ್ತಿದ್ದೆ. ಇದರಲ್ಲಿ ಇವತ್ತಿನ ತಾರೀಖಿದೆ. ಒಂದು ಮಧ್ಯಾಹ್ನದಲ್ಲಿ ಯಾರಿಗಾದ್ರೂ ಇಷ್ಟು ವಯಸ್ಸಾಗುತ್ತಾ?"

ತಪ್ಪಕ್ಕ ಕಿರುಚಿದ್ದು ಒಳಗಿನ ಮಷೀನುಗಳಿಗೂ ಕೇಳಿರಬೇಕು. ಬೈಂಡಿಂಗಿನವನು ಇಣುಕಿ, "ಧ್ವನಿ ಅಕ್ಕಂದೇ ಕಣೋ" ಎಂದ.

"ಧ್ವನಿಗೆ ಕಾರ್ಡಿಲ್ಲ" ಎಂದ ಗೇಟಿನವನು.

ಕೊನೆಗೆ ಮ್ಯಾನೇಜರು ಬಂದರು. ಕಾರ್ಡನ್ನು ಹತ್ತಿರ ಹಿಡಿದರು, ದೂರ ಹಿಡಿದರು. "ನೀವೇ ಅಂತ ನನಗೆ ಗೊತ್ತಮ್ಮಾ. ಆದ್ರೆ ಕಾರ್ಡಿಗೆ ಗೊತ್ತಾಗ್ಬೇಕಲ್ಲ? ನಿವೃತ್ತಿವರೆಗೂ ಬದಲಾಯಿಸೋ ಹಾಗಿಲ್ಲ. ಇವತ್ತಿನ ಸಹಿ ನಾನೇ ಹಾಕ್ತೀನಿ. ನಾಳೆ ಬರೋವಾಗ ಈ ಮುಖದಲ್ಲೇ ಬನ್ನಿ" ಎಂದು ಫೋಟೊದ ಮೇಲೆ ಬೆರಳಿಟ್ಟರು.

ಸಂಜೆ ಮನೆಗೆ ಬಂದವಳು ಚಪ್ಪಲಿಯನ್ನು ಮೂಲೆಗೆ ಎಸೆದಳು. ಹೆದರಿದ ಮಗಳು, "ಅಮ್ಮಾ, ಆ ಸೀಸೆ ಬಿಸಾಕ್ತಾ ಇದ್ದೀನಿ" ಎಂದಳು.

"ಮುಟ್ಟಿದ್ರೆ ಕೈ ಮುರೀತೀನಿ! ಇಲ್ಲಿ ಕೊಡು. ಮಹಡಿ ಮೇಲೆ ಹೋಗಿ ಆ ಟೂತ್‌ಪೇಸ್ಟ್ ಯಾವುದು ಅಂತ ಕೇಳ್ಕೊಂಡು ಬಾ."

ತಪ್ಪಕ್ಕ ದೀಪದ ಕೆಳಗೆ ಕೂತಳು. ಈ ಸಲ ಕನ್ನಡಕ ಹಾಕಿಕೊಂಡು ಸೀಸೆಯ ಮೇಲಿನ ಬರಹವನ್ನು ಅಕ್ಷರ ಬಿಡದೆ ಓದಿದಳು. ಆಮೇಲೆ ಚೀಲದಿಂದ ಕೆಂಪು ಪೆನ್ನು ತೆಗೆದು, 'ಹತ್ತು ನಿಮಿಷ' ಎಂಬಲ್ಲಿ 'ಹತ್ತು' ಹೊಡೆದುಹಾಕಿ, ಮೇಲೆ 'ನಲವತ್ತೈದು' ಎಂದು ತಿದ್ದಿದಳು.