ತೊಂದೂರಿಗೆ ನಲ್ಲಿ ಇಟ್ಟದ್ದು

ಬಂಟ್ವಾಳದಲ್ಲಿ ಬೆಳಕು ಹರಿಯುವ ಮೊದಲೇ ಶಶಿಪ್ರಭಾ ಅಂಗಳ ಗುಡಿಸಿದ್ದಳು, ಕುಚ್ಚಲಕ್ಕಿ ಒಲೆಗಿಟ್ಟಿದ್ದಳು, ತೆಂಗಿನಕಾಯಿ ತುರಿದಿದ್ದಳು, ಮಗಳು ಪ್ರಾಪ್ತಿಯ ಯೂನಿಫಾರ್ಮಿಗೆ ಇಸ್ತ್ರಿ ಹಾಕಿದ್ದಳು, ಕಡುಬಿನ ಹಿಟ್ಟು ಉಬ್ಬಿದೆಯೋ ಎಂದು ಮುಚ್ಚಳ ತೆಗೆದು ನೋಡಿದ್ದಳು. ಇಷ್ಟರ ಮೇಲೆ, ತಾನೇ ಮೊಳಕೆ ಬರಿಸಿ, ಕಾಗೆ ಓಡಿಸುತ್ತ ಒಣಗಿಸಿ, ತರಿತರಿಯಾಗಿ ಪುಡಿ ಮಾಡಿದ ಬಾರ್ಲಿಯನ್ನು ಬಿಸಿನೀರಿಗೆ ಸುರಿದು, ಪಾತ್ರೆಗೆ ಕಂಬಳಿ ಹೊದೆಸಿಯೂ ಆಗಿತ್ತು. ಇನ್ನೊಂದು ಕಂಬಳಿಯೊಳಗಿನಿಂದ ಗಂಡ ಜಿತೇಶ ನಿರ್ದೇಶನ ಕೊಡುತ್ತಿದ್ದ: "ಹದಾ ಬಿಸಿ ಇರ್ಲಿ ಶಶಿ, ಕುದಿಸ್ಬೇಡ!"

ಯಾಕೆಂದರೆ, ಬಿಯರು ತಯಾರಿಸುತ್ತಿದ್ದವನು ಜಿತೇಶ.

ಅವನದ್ದು ಪಂಪು-ಪೈಪಿನ ಅಂಗಡಿ. ಯಾವುದೋ ವೀಡಿಯೊ ನೋಡಿದ ದಿನವೇ ಘೋಷಣೆ ಹೊರಟಿತ್ತು: "ಬಾಟ್ಲಿಯದ್ದು ಯಾರು ಬೇಕಾದ್ರೂ ಕುಡೀತಾರೆ. ಧಾನ್ಯದಿಂದ ಬಿಯರ್ ಇಳಿಸುವವ ಈ ತಾಲೂಕಿಗೆ ನಾನೊಬ್ನೇ! ನೀನು ಒಂದು ಕಡ್ಡಿಯೂ ಎತ್ಲಿಕ್ಕಿಲ್ಲ."

ಕಡ್ಡಿ ಎತ್ತಲಿಲ್ಲ, ನಿಜ. ಎತ್ತಿದ್ದೆಲ್ಲ ಕೊಪ್ಪರಿಗೆ!

ಶಶಿಪ್ರಭಾಳ ಹೆದರಿಕೆ ಬೇರೆಯೇ ಇತ್ತು. ಅಂದು ಹತ್ತು ಗಂಟೆಗೆ ಅವಳ ಮನೆಯಲ್ಲಿ ಮಹಿಳಾ ಸಂಘದ ಸಭೆ. ವರ್ಷಗಟ್ಟಲೆ ಸಂಘದ ಚಾ ಲೋಟ ತೊಳೆದವಳು, ಶಾಲೆಯ ಎದುರು ಬಾರ್ ಬೇಡವೆಂದು ಮೈಕು ಹಿಡಿದು ಗುಡುಗಿದ ಮೇಲೆ ಕಾರ್ಯದರ್ಶಿ ಆಗಿದ್ದಳು. ಅವಳ ಅಡುಗೆಮನೆಯಲ್ಲೇ ಬಿಯರು ಅಂದರೆ, ಮತ್ತೆ ಲೋಟ ತೊಳೆಯಲಿಕ್ಕೂ ಯಾರೂ ಕರೆಯಲಿಕ್ಕಿಲ್ಲ.

"ಎಂಟು ಗಂಟೆಗೆ ಎಲ್ಲ ಕ್ಲೀನ್!" ಎಂದು ಜಿತೇಶ ಅಭಯ ನೀಡಿ, ಹೆಮ್ಮೆಯಿಂದ ತನ್ನ ಯಂತ್ರವನ್ನು ಹೊತ್ತು ತಂದ. ಶಶಿಪ್ರಭಾ ಕಿರುಚಿದಳು.

"ಅಯ್ಯೋ, ನನ್ನ ತೊಂದೂರು!"

ಕಡುಬು, ಪತ್ರೊಡೆಗಳನ್ನು ಆವಿಯಲ್ಲಿ ಬೇಯಿಸುವ, ತವರಿನಿಂದ ಬಂದ ತೊಂದೂರು. ಅದರ ಬುಡಕ್ಕೆ ಡ್ರಿಲ್ ಹೊಡೆದು ಹಿತ್ತಾಳೆಯ ನಲ್ಲಿ ಕೂರಿಸಲಾಗಿತ್ತು!

"ಒಳಗೆ ತೂತಿನ ತಟ್ಟೆ ಮೊದ್ಲೇ ಉಂಟಲ್ಲ ಮಾರಾಯ್ತಿ! ಅದರ ಮೇಲೆ ಧಾನ್ಯ, ಮೇಲಿಂದ ಬಿಸಿನೀರಿನ ತುಂತುರು. ಇದ್ದ ಸಿಹಿಯೆಲ್ಲ ತೊಳೆದು ನಲ್ಲಿಯಲ್ಲಿ ಇಳೀತದೆ. ಇದಕ್ಕೆ ಸ್ಪಾರ್ಜಿಂಗ್ ಅಂತಾರೆ. ನಿನಗೆ ಗೊತ್ತಾಗ್ಲಿಕ್ಕಿಲ್ಲ."

"ಹಿಂಡಿದ ತೆಂಗಿನಕಾಯಿಗೆ ಪುನಃ ನೀರು ಹಾಕಿ ಎರಡನೇ ಹಾಲು ತೆಗೀತೇನಲ್ಲ ದಿನಾ, ಹಾಗೆಯಾ?"

"ಹಾಗೆಯೇ. ಆದ್ರೆ ಇದು ಟೆಕ್ನಾಲಜಿ."

ಟೆಕ್ನಾಲಜಿ ಇದ್ದದ್ದು ಮೇಲ್ಗಡೆ. ಸೌಟಿನಲ್ಲಿ ಚಿಮುಕಿಸಿದರೆ ಸಾಕಿತ್ತು. ಆದರೆ ಪಂಪಿನಂಗಡಿಯವನು ಸೌಟು ಹಿಡಿಯುವುದುಂಟೇ? ಕಂಬಳಿಯೊಳಗೆ ನೆನೆದ ಬಾರ್ಲಿಯನ್ನು ತೊಂದೂರಿಗೆ ಸುರಿಸಿ, ಅಂಗಡಿಯಿಂದ ತೋಟದ ಸ್ಪ್ರಿಂಕ್ಲರ್ ತಂದು ಅದರ ಬಾಯಿಗೆ ಬಿಗಿದು, ಬಿಸಿನೀರಿನ ಕೊಪ್ಪರಿಗೆಗೆ ಪಂಪು ಇಳಿಸಿ, ರಿಬ್ಬನ್ ಕತ್ತರಿಸುವ ಮಂತ್ರಿಯ ಹಾಗೆ ಸ್ವಿಚ್ಚು ಒತ್ತಿದ.

ಚಟ್ ಚಟ್ ಚಟ್ ಚಟ್!

ಅರ್ಧ ಎಕರೆ ನೆನೆಸಲು ಹುಟ್ಟಿದ ಸ್ಪ್ರಿಂಕ್ಲರು ತನ್ನ ಧರ್ಮ ಬಿಡಲಿಲ್ಲ. ಗೋಡೆಗೆ ಬಾರ್ಲಿ, ಫ್ಯಾನಿಗೆ ಬಾರ್ಲಿ, ಕ್ಯಾಲೆಂಡರಿನ ಲಕ್ಷ್ಮಿಗೆ ಬಾರ್ಲಿಯ ಅಭಿಷೇಕ! ಜಿತೇಶ ಮೇಜಿನಡಿಗೆ ನುಗ್ಗಿ ಕೂಗಿದ, "ಶಶಿ, ಸ್ವಿಚ್ಚು!"

"ನಾನು ಕಡ್ಡಿಯೂ ಎತ್ಲಿಕ್ಕಿಲ್ಲ ಅಂದಿದ್ರಲ್ಲ?" ಅನ್ನುತ್ತಲೇ ಅವಳು ಮೊರವನ್ನು ತಲೆಗೆ ಹಿಡಿದು ಹೋಗಿ ಆರಿಸಿದಳು. ಆಮೇಲೆ ಸೌಟು ಹಿಡಿದು, ಅಳಿದುಳಿದ ಧಾನ್ಯದ ಮೇಲೆ ನಿಧಾನ ನೀರು ಚಿಮುಕಿಸಿದಳು. ನಲ್ಲಿಯಲ್ಲಿ ಹೊಂಬಣ್ಣದ ರಸ ಇಳಿಯತೊಡಗಿತು. ನಲ್ಲಿಯಡಿಯ ಕೊಪ್ಪರಿಗೆ ಮುಕ್ಕಾಲು ತುಂಬುವಷ್ಟರಲ್ಲಿ ಹತ್ತು ಗಂಟೆ ಆಗಿಯೇ ಹೋಯಿತು; ಬಾಗಿಲಲ್ಲಿ ಸಂಘದ ಅಧ್ಯಕ್ಷೆ ಸರಸಕ್ಕ, ಹಿಂದೆ ಇಡೀ ಸಂಘ!

ಜಿತೇಶ ಬಚ್ಚಲಿಗೆ ಓಡಿದ.

"ಎಂಥದು ಶಶಿ, ಗೇಟಿನವರೆಗೆ ಪರಿಮಳ?"

ಶಶಿಪ್ರಭಾ ಸುತ್ತ ಕಣ್ಣಾಡಿಸಿದಳು. ರಸ ಹುದುಗಿಸಲೆಂದು ತಂದ ಯೀಸ್ಟಿನ ಪೊಟ್ಟಣ ಇನ್ನೂ ಒಡೆದಿರಲಿಲ್ಲ. ಯೀಸ್ಟು ಬೀಳದೆ ಇದು ಬಿಯರಲ್ಲ. "ಬಾರ್ಲಿ ಮಾಲ್ಟ್, ಅಕ್ಕ," ಅಂದಳು. ಸುಳ್ಳೇನಲ್ಲ!

ಸರಸಕ್ಕ ಒಂದು ಲೋಟ ಕುಡಿದರು. ಇನ್ನೊಂದು ಕೇಳಿದರು. ಸಂಘ ಕ್ಯೂ ನಿಂತಿತು. ಸಭೆಗೆ ಆಗಬೇಕಿದ್ದ ಕಡುಬಿನ ಸುದ್ದಿಯನ್ನೇ ಯಾರೂ ಎತ್ತಲಿಲ್ಲ.

"ತೊಂದೂರಿಗೆ ನಲ್ಲಿ! ಬಗ್ಗುವುದು ಬೇಡ, ಬಸಿಯುವುದು ಬೇಡ. ಯಾರ ತಲೆ ಇದು?" ಎಂದರು ಸರಸಕ್ಕ.

ಹೊಗಳಿಕೆ ಕೇಳಿ ಬಚ್ಚಲಲ್ಲಿ ಕೂರುವುದು ಜಿತೇಶನಿಂದಾಗಲಿಲ್ಲ. "ನಂದು!" ಎಂದು ಹೊರಬಂದ.

"ನೋಡಿ, ಗಂಡ ಅಂದ್ರೆ ಇವ!" ಸರಸಕ್ಕ ಚಪ್ಪಾಳೆ ತಟ್ಟಿದರು. "ಊರಿನ ಗಂಡಸ್ರೆಲ್ಲ ಬಾಟ್ಲಿ ಹಿಂದೆ, ಇವ ಹೆಂಗಸರಿಗೆ ಮಾಲ್ಟ್ ಮಾಡ್ತಾನೆ! ಮುಂದಿನ ಮದ್ಯಮುಕ್ತ ಸಭೆಯಲ್ಲಿ ಶಾಲು ಹೊದೆಸುವ. ಬಾ ಮಗಾ, ಈಗ್ಲೇ ಪ್ರಮಾಣ ಆಗಿಬಿಡ್ಲಿ."

ಬಲಗೈ ಮುಂದೆ ಚಾಚಿ ಜಿತೇಶ ಹೇಳಿದ: "ನಾನು... ಜನ್ಮದಲ್ಲಿ... ಮದ್ಯ ಮುಟ್ಟುವುದಿಲ್ಲ."

ಸಂಘ ಹೊರಟಾಗ ಕೊಪ್ಪರಿಗೆಯ ತಳದಲ್ಲಿ ಒಂದು ಕ್ಯಾನು ರಸ ಉಳಿದಿತ್ತು. ಜಿತೇಶ ಏಣಿ ಹತ್ತಿ ಫ್ಯಾನು ಒರೆಸುತ್ತಿದ್ದ. ಅಂದು ಮೊದಲ ಬಾರಿಗೆ ಅವನು ಎಲ್ಲವನ್ನೂ ಒಬ್ಬನೇ ಮಾಡುತ್ತಿದ್ದ!

"ಆ ಯೀಸ್ಟು ಬಿಸಾಡು ಶಶಿ," ಎಂದ ಮೇಲಿನಿಂದ, ತಿರುಗದೆಯೇ. "ಇನ್ನು ಯಾರಿಗೆ ಅದು?"

ಶಶಿಪ್ರಭಾ ಪೊಟ್ಟಣ ಹಿಡಿದು ಕಸದ ಬುಟ್ಟಿಯ ಹತ್ತಿರ ಹೋದಳು, ನಿಂತಳು. ಪ್ರಮಾಣ ಮಾಡಿದ್ದು ಅವನು. ಹೆಂಗಸರು ಕುಡಿಯುತ್ತಾರೆಂದು ಯಾರಿಗೂ ಹೊಳೆಯದ ಕಾರಣ, ಅವಳ ಕೈ ಚಾಚಿಸಿದವರು ಯಾರೂ ಇರಲಿಲ್ಲ. ಅವಳು ಉಳಿದ ರಸವನ್ನು ಕ್ಯಾನಿಗೆ ಬಗ್ಗಿಸಿ, ಪೊಟ್ಟಣ ಹರಿದು ಅದಕ್ಕೆ ಸುರಿದಳು, ಮುಚ್ಚಳವನ್ನು ಸಡಿಲಾಗಿ ಹಾಕಿದಳು, ಕ್ಯಾನನ್ನು ಅಕ್ಕಿ ಡಬ್ಬದ ಹಿಂದೆ ಇಟ್ಟಳು.

ಅಕ್ಕಿ ಡಬ್ಬದ ಹಿಂದೆ ಏನಿದೆಯೆಂದು ನೋಡುವ ಅಭ್ಯಾಸ ಆ ಮನೆಯ ಯಾವ ಗಂಡಸಿಗೂ ಯಾವ ಕಾಲಕ್ಕೂ ಇರಲಿಲ್ಲ.